ಐದು ವರ್ಷದ ಮಗಳಿಗೆ ಚಿಲ್ಲರೆ ಲೆಕ್ಕ ಕಲಿಸುವುದು ಹೇಗೆ?

ಪ್ರಶ್ನೆ (ಮಲ್ಲೇಶ್ವರದ ಅಮ್ಮ): ಮಗಳು ನೂರರವರೆಗೆ ಎಣಿಸುತ್ತಾಳೆ, ಆದ್ರೆ 5 ರೂಪಾಯಿಯ ಒಂದು ನಾಣ್ಯಕ್ಕಿಂತ 1 ರೂಪಾಯಿಯ ಮೂರು ನಾಣ್ಯವೇ ಜಾಸ್ತಿ ಅನ್ನುತ್ತಾಳೆ. ಮನೆಯಲ್ಲಿ ಎಲ್ಲಾ ಫೋನ್‌ನಲ್ಲೇ ಸ್ಕ್ಯಾನ್. ಏನು ಮಾಡಲಿ?

ಉತ್ತರ 1: ಸಹಜ ಅಲ್ವಾ ಮೇಡಂ, ಅವಳು ಬಿಲ್ಲೆ ಎಣಿಸುತ್ತಿದ್ದಾಳೆ, ಬೆಲೆ ಅಲ್ಲ. 5ರ ನಾಣ್ಯದ ಪಕ್ಕ ಐದು ಕಡಲೆಬೀಜ, 2ರ ಪಕ್ಕ ಎರಡು ಇಡಿಸಿ. ಆಮೇಲೆ 1ರ ಐದು ನಾಣ್ಯ ಕೊಟ್ಟು 5ರ ಒಂದು ತಗೊಳ್ಳುವ ಆಟ ಆಡಿಸಿ.

ಉತ್ತರ 2: ಗಾತ್ರ ನಂಬಿಸಬೇಡಿ, ಹಳೆಯ 2ರ ಕೆಲವು ನಾಣ್ಯ 5ರದ್ದಕ್ಕಿಂತ ದೊಡ್ಡದು. ಅಂಕಿ ಓದಿಸಿ. 20ರ ನಾಣ್ಯಕ್ಕೆ 12 ಅಂಚು, ಬೆರಳಲ್ಲಿ ಸವರಿ ಎಣಿಸಲಿ.

ಉತ್ತರ 3: ಆಟದ ದುಡ್ಡು ಸುಮ್ನೆ ದಂಡ. ಎಂಟನೇ ಕ್ರಾಸಿನಲ್ಲಿ ಸೊಪ್ಪು ಕೊಳ್ಳುವಾಗ ಅವಳೇ ದುಡ್ಡು ಕೊಟ್ಟು ಚಿಲ್ಲರೆ ಎಣಿಸಿಕೊಳ್ಳಲಿ, ಹಿಂದೆ ಜನ ನಿಂತಿದ್ದರೂ ಅವಸರ ಮಾಡಬೇಡಿ.