ಕಷ್ಟದ ಹೆರಿಗೆ ಆದ ಮೇಕೆಗೆ ಮತ್ತೆ ಹೋತ ಬಿಡುವುದು ಯಾವಾಗ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಕಡೂರು ತಾಲ್ಲೂಕು. ಮನೆಯಲ್ಲಿ ನಾಟಿ ಮೇಕೆ ಸಾಕಿದ್ದೇವೆ. ಒಂದು ಮೇಕೆ ಹೋದ ವಾರ ಚೊಚ್ಚಲ ಮರಿ ಹಾಕಿತು. ಒಂದು ಮುಂಗಾಲು ಹೊರಗೆ ಬಂದು ಅಲ್ಲೇ ನಿಂತುಬಿಟ್ಟಿತು, ತಲೆ ಬರಲೇ ಇಲ್ಲ. ಊರಿನಲ್ಲಿ ಅನುಭವ ಇರುವವರೊಬ್ಬರು ಕೈ ಹಾಕಿ ತೆಗೆದರು. ಆ ಮರಿ ಸತ್ತೇ ಹುಟ್ಟಿತು, ಆಮೇಲೆ ಬಂದದ್ದು ಬದುಕಿದೆ. ಕಸ (ಮಾಸು) ಅವತ್ತೇ ಬಿತ್ತು. ಈಗ ಮೇಕೆ ಮೇಯುತ್ತದೆ, ಆದರೆ ಮೊದಲಿನಷ್ಟಿಲ್ಲ. ಹಿಂದಿನಿಂದ ಕೆಂಪಗೆ, ಕಂದು ಬಣ್ಣದ ನೀರು ಇಳಿಯುತ್ತಿದೆ. ಪಕ್ಕದ ತೋಟದವರ ಹತ್ತಿರ ಒಳ್ಳೆ ಬೋಯರ್ ಕ್ರಾಸ್ ಹೋತ ಇದೆ. ಮುಂದಿನ ತಿಂಗಳೇ ಬಿಟ್ಟುಬಿಡಿ ಅಂತಾರೆ. ಬಿಡಬಹುದಾ?

ಪಶುವೈದ್ಯರು: ಹೋತದ ಮಾತು ಆಮೇಲೆ. ಮೊದಲು ಈ ಮೇಕೆ ಸರಿಹೋಗಲಿ.

ಮರಿ ಹಾಕಿದ ಮೇಲೆ ಎರಡು ಮೂರು ವಾರ ಹೀಗೆ ಕೆಂಪು ಮಿಶ್ರಿತ ಕಂದು ನೀರು ಇಳಿಯುವುದು ಸಹಜ. ಬಣ್ಣ ನೋಡಿ ಹೆದರಬೇಡಿ, ವಾಸನೆ ನೋಡಿ. ಬಾಲದ ಬುಡದಲ್ಲಿ ಅಂಟಿರುವುದನ್ನು ಒಂದು ಬಟ್ಟೆಯಲ್ಲಿ ಒರೆಸಿ ಮೂಗಿನ ಹತ್ತಿರ ಹಿಡಿಯಿರಿ. ಕೊಳೆತ ವಾಸನೆ ಬಂದರೆ, ಇಲ್ಲಾ ಕೀವಿನ ಹಾಗೆ ಗಟ್ಟಿಯಾಗಿ ಬರುತ್ತಿದ್ದರೆ ಗರ್ಭಕೋಶದಲ್ಲಿ ಸೋಂಕು ಆಗಿದೆ ಎಂದೇ ಲೆಕ್ಕ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಥರ್ಮಾಮೀಟರ್ ತಂದು, ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದೊಳಗೆ ಇಟ್ಟು ಜ್ವರ ನೋಡಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೋಡಬೇಕು. ಬಿಸಿಲಿನಲ್ಲಿ ಮೇಯ್ದು ಬಂದ ಮೇಕೆಯ ಮೈ ಸುಮ್ನೆ ಬಿಸಿಯಾಗಿರುತ್ತದೆ. 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸರಿ. 104 ದಾಟಿದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿ.

ನಿಮ್ಮ ಮೇಕೆಗೆ ಒಳಗೆ ಕೈ ಹಾಕಿದ್ದಾರೆ. ಕೈ ಹಾಕಿ ತೆಗೆದ ಹೆರಿಗೆಯಲ್ಲಿ ಒಳಗೆ ಗೀರು ಬಿದ್ದಿರಬಹುದು, ಕೊಳೆ ಸೇರಿರಬಹುದು. ಹಾಗಾಗಿ ವಾಸನೆ ಇಲ್ಲದಿದ್ದರೂ ಒಮ್ಮೆ ತೋರಿಸಿಬಿಡಿ, ಮೇವು ಬೇರೆ ಕಮ್ಮಿ ಮಾಡಿದೆ. ಆಂಟಿಬಯೋಟಿಕ್ ಬರೆದುಕೊಟ್ಟರೆ ಎರಡು ಇಂಜೆಕ್ಷನ್ ಆದ ಕೂಡಲೇ ಮೇಯುತ್ತಿದೆ ಎಂದು ನಿಲ್ಲಿಸಬೇಡಿ. ಬೇವಿನೆಣ್ಣೆ, ಡೆಟಾಲ್ ನೀರು ಇವನ್ನೆಲ್ಲ ಒಳಗೆ ಬಿಡುವುದಂತೂ ಬೇಡವೇ ಬೇಡ.

ಬಾಣಂತಿ ಎಂದು ಪಾತ್ರೆಗಟ್ಟಲೆ ರಾಗಿ ಗಂಜಿ, ಅನ್ನ ಹಾಕುತ್ತಾರೆ. ಪ್ರೀತಿ ಸರಿ, ಆದರೆ ಹೊಟ್ಟೆ ಹುಳಿಯಾಗಿ ಮೇಕೆ ಮಲಗಿಬಿಡುತ್ತದೆ. ಹುರುಳಿ ಹೊಟ್ಟು, ರಾಗಿ ಹುಲ್ಲು, ಹಲಸಿನ ಎಲೆ ಮುಂದೆ ಇರಲಿ. ಹಿಂಡಿ, ನುಚ್ಚು ಒಂದು ಹಿಡಿಯಿಂದ ಶುರು ಮಾಡಿ, ವಾರ ಹತ್ತು ದಿನದಲ್ಲಿ ದಿನಕ್ಕೆ 300 ಗ್ರಾಂ ತನಕ ಏರಿಸಿ. ಇನ್ನೊಂದು ವಿಷಯ. ಒಂದೇ ಮರಿ ಇದ್ದರೆ ಒಂದೇ ಮೊಲೆಗೆ ಅಭ್ಯಾಸವಾಗುತ್ತದೆ. ಇನ್ನೊಂದು ಮೊಲೆಯ ಹಾಲು ನೀವೇ ಕರೆಯಿರಿ. ಇಲ್ಲವಾದರೆ ಕೆಚ್ಚಲು ಬಾವು ಬರುತ್ತದೆ.

ಇನ್ನು ನಿಮ್ಮನ್ನೇ ಒಂದು ಕೇಳುತ್ತೇನೆ. ಗಬ್ಬ ಆದಾಗ ಇದಕ್ಕೆ ವಯಸ್ಸೆಷ್ಟು?

ಪ್ರಶ್ನೆ ಕೇಳಿದವರು: ಏಳು ತಿಂಗಳು ಇರಬಹುದು ಡಾಕ್ಟ್ರೇ. ನಾವಾಗಿ ಬಿಟ್ಟದ್ದಲ್ಲ, ಹೋತ ಮಂದೆಯಲ್ಲೇ ಇತ್ತು.

ಪಶುವೈದ್ಯರು: ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ತಲೆ ಹಿಂದಕ್ಕೆ ತಿರುಗುವುದು ಯಾವ ಮೇಕೆಗೂ ಆಗಬಹುದು, ಮತ್ತೆ ಆಗಲೇಬೇಕು ಅಂತೇನಿಲ್ಲ. ಆದರೆ ಸೊಂಟದ ಮೂಳೆ ಇನ್ನೂ ಬೆಳೆಯದ ಮೇಕೆಯಲ್ಲಿ ಜಾಗವೇ ಇರುವುದಿಲ್ಲ. ದೊಡ್ಡ ಮೇಕೆಯ ತೂಕದ ಮುಕ್ಕಾಲು ಪಾಲಿನ ಹತ್ತಿರ ಬರುವ ತನಕ ಗಬ್ಬ ಆಗಬಾರದು. ಮಂದೆಯಲ್ಲಿ ಹೋತವನ್ನು ಬೇರೆ ಕಟ್ಟುವುದು ಆಗದಿದ್ದರೆ ಅದರ ಹೊಟ್ಟೆಗೆ ಅಡ್ಡಲಾಗಿ ಗೋಣಿ ತಟ್ಟು ಕಟ್ಟಿ. ಹಳೇ ಉಪಾಯ, ಕೆಲಸ ಮಾಡುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ: ಮುಂದಿನ ತಿಂಗಳು ಬೇಡ. ಕಮ್ಮಿ ಅಂದರೂ ಮೂರು ತಿಂಗಳು ಬಿಡಿ, ಇದಕ್ಕೆ ನಾಲ್ಕಾದರೂ ಒಳ್ಳೆಯದೇ. ಅದರ ಮೈಯೂ ಬೆಳೆಯಬೇಕು, ಮರಿಗೆ ಹಾಲೂ ಆಗಬೇಕು. ಬೋಯರ್ ಕ್ರಾಸ್ ಹೋತ ಈ ಸಲ ಬೇಡ. ಸಣ್ಣ ನಾಟಿ ಮೇಕೆಗೆ ಭಾರೀ ತಳಿ ಹಾಕಿದರೆ ಮರಿ ದಪ್ಪ ಬಂದು ಮತ್ತೆ ಅದೇ ಪಾಡು. ನಾಟಿ ಹೋತವೇ ಸಾಕು.

ಅರಸೀಕೆರೆಯಿಂದ ಒಬ್ಬರು: ಸರ್, ನಮ್ಮ ಕಡೆ ಕಸ ಅರ್ಧ ನೇತಾಡುತ್ತಿದ್ದರೆ ಅದಕ್ಕೆ ಹಳೇ ಚಪ್ಪಲಿ, ಕಲ್ಲು ಕಟ್ಟುತ್ತಾರೆ. ಭಾರಕ್ಕೆ ಬೀಳುತ್ತೆ ಅಂತ. ಸರೀನಾ?

ಪಶುವೈದ್ಯರು: ತಪ್ಪು. ಎಳೆದರೆ ಹರಿದು ಚೂರು ಒಳಗೇ ಉಳಿಯುತ್ತದೆ, ಇಲ್ಲಾ ಗರ್ಭಕೋಶವೇ ಹೊರಗೆ ಬರುತ್ತದೆ. 12 ಗಂಟೆ ಆದರೂ ಬೀಳದಿದ್ದರೆ ಡಾಕ್ಟರನ್ನು ಕರೆಸಿ.

ಮೂಡಿಗೆರೆಯಿಂದ ಒಬ್ಬರು: ನಮ್ಮ ಸೊಸೆ ಬಸುರಿ. ಮೇಕೆ ಮರಿ ಹಾಕುವಾಗ ಅವಳೇ ಇರೋದು ಮನೆಯಲ್ಲಿ. ಏನಾದರೂ ತೊಂದರೆ ಇದೆಯಾ ಡಾಕ್ಟ್ರೇ?

ಪಶುವೈದ್ಯರು: ಇದೆ ಅಮ್ಮಾ, ದಯವಿಟ್ಟು ಅವರನ್ನು ದೂರ ಇಡಿ. ಬ್ರೂಸೆಲ್ಲಾದಂಥ ರೋಗಗಳು ಕಸದಿಂದ, ಆ ನೀರಿನಿಂದ ಮನುಷ್ಯರಿಗೂ ದಾಟುತ್ತವೆ. ಬಸುರಿಯರಿಗೆ ಅಪಾಯ ಜಾಸ್ತಿ. ಬೇರೆ ಯಾರೇ ಮಾಡಿದರೂ ಗ್ಲೌಸ್ ಹಾಕಿಕೊಳ್ಳಲಿ. ಕಸವನ್ನು ನಾಯಿ ಎಳೆಯದ ಹಾಗೆ ಸುಣ್ಣ ಹಾಕಿ ಆಳಕ್ಕೆ ಹೂಳಿ. ನಿಮ್ಮದು ಮಳೆ ಸೀಮೆ ಅಲ್ವಾ, ಹೋತ ಬಿಡುವ ತಿಂಗಳನ್ನೂ ಲೆಕ್ಕ ಹಾಕಿ. ಮೇಕೆ ಗಬ್ಬ ಸುಮಾರು 150 ದಿನ. ಜನವರಿ, ಫೆಬ್ರವರಿಯಲ್ಲಿ ಬಿಟ್ಟರೆ ಜಡಿಮಳೆಯಲ್ಲೇ ಮರಿ ಬೀಳುತ್ತದೆ.

ಪ್ರಶ್ನೆ ಕೇಳಿದವರು: ಜ್ವರ ನೋಡಿದೆ ಡಾಕ್ಟ್ರೇ, 102 ಇದೆ. ವಾಸನೆ ಇಲ್ಲ. ನಾಳೆ ತೋರಿಸುತ್ತೇನೆ. ಮೂರು ತಿಂಗಳಾದ ಮೇಲೆ ತಯಾರಾಗಿದೆ ಅಂತ ಹೇಗೆ ತಿಳಿಯೋದು?

ಪಶುವೈದ್ಯರು: ಬೆನ್ನು ಮುಟ್ಟಿ ನೋಡಿ. ಬೆನ್ನುಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಚುಚ್ಚಿದರೆ ಇನ್ನೂ ಇಲ್ಲ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ, ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳು ರಕ್ತ ಹೀರುತ್ತಿರಬಹುದು. ಜಂತು ಔಷಧಿ ಹೋತ ಬಿಡುವ ಮೊದಲೇ ಕುಡಿಸಿ ಮುಗಿಸಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಮರಿಗೆ ಊನ ಬರಬಹುದು. ಹೋತ ಬಿಡುವ ಎರಡು ಮೂರು ವಾರ ಮೊದಲಿನಿಂದ ಹಿಂಡಿ ಸ್ವಲ್ಪ ಜಾಸ್ತಿ ಮಾಡಿ, ಖನಿಜ ಮಿಶ್ರಣ ತಪ್ಪಿಸಬೇಡಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಬಾಲ ಅಲ್ಲಾಡಿಸುವುದು, ಒಂದೇ ಸಮ ಕೂಗುವುದು ನಿಮಗೆ ಗೊತ್ತೇ ಇದೆ. ಹೋತ ಬಿಟ್ಟ ತಾರೀಖು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಮೂರು ಬೆದೆಗೆ ಬಿಟ್ಟರೂ ಗಬ್ಬ ನಿಲ್ಲದಿದ್ದರೆ ಹಳೇ ಸೋಂಕು ಉಳಿದಿರಬಹುದು. ಆಗ ನಿಮ್ಮ ಡಾಕ್ಟರ್ ಹೇಳಿದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ.

ಅಂದ ಹಾಗೆ, ಉಳಿದಿರುವ ಮರಿ ಗಂಡೋ ಹೆಣ್ಣೋ?

ಪ್ರಶ್ನೆ ಕೇಳಿದವರು: ಗಂಡು ಡಾಕ್ಟ್ರೇ.

ಪಶುವೈದ್ಯರು: ಹಾಗಾದರೆ ಮೂರು ತಿಂಗಳು ತುಂಬಿದ ಕೂಡಲೇ ತಾಯಿಯಿಂದ ಬೇರೆ ಕಟ್ಟಿ. ಮರಿ ಅಂದುಕೊಂಡು ಬಿಟ್ಟಿರುತ್ತೇವೆ. ನಾಲ್ಕು ತಿಂಗಳಿಗೆಲ್ಲ ತಾಯಿಯನ್ನೇ ಗಬ್ಬ ಮಾಡಿಬಿಡುತ್ತದೆ.