ಸಹಾಯ ಬೇಕು: ಅಬ್ಬಾನ ಬೀಡಿ ಬಿಡಿಸುವುದು ಹೇಗೆ?

ಎಲ್ಲರಿಗೂ ಸಲಾಂ. ನಾವು ಚಿಕ್ಕಮಗಳೂರಿನವರು. ಅಬ್ಬಾಗೆ 58 ವರ್ಷ, ದಿನಕ್ಕೊಂದು ಕಟ್ಟು ಬೀಡಿ ಬೇಕೇ ಬೇಕು. ರಂಜಾನಿನಲ್ಲಿ ಸಹರಿಯಿಂದ ಇಫ್ತಾರ್‌ವರೆಗೆ ಮುಟ್ಟುವುದೇ ಇಲ್ಲ. ಆದರೆ ಖರ್ಜೂರ ತಿಂದು ನೀರು ಕುಡಿದರೋ ಇಲ್ಲವೋ, ಹಿತ್ತಲಲ್ಲಿ ಕಡ್ಡಿ ಗೀರಿದ ಸದ್ದು! ಆಮೇಲೆ ಬಾಯಿಗೊಂದು ಏಲಕ್ಕಿ ಹಾಕಿಕೊಂಡು ಮಗ್ರಿಬ್ ನಮಾಜಿಗೆ. "ಹರಾಂ ಅಲ್ಲ, ಮಕ್ರೂಹ್ (ಮಾಡದಿದ್ದರೆ ಒಳ್ಳೆಯದು) ಅಷ್ಟೇ" ಅಂತ ನನಗೇ ಪಾಠ. ಕೈಯಾರೆ ನಾಶಕ್ಕೆ ಬೀಳಬೇಡಿ ಅಂತ ಕುರ್‌ಆನ್‌ನಲ್ಲೇ (2:195) ಇದೆ ಅಲ್ವಾ ಅಂದರೆ ಸುಮ್ನೆ ನಗುತ್ತಾರೆ. ಅಮ್ಮಿ ಬೈದಷ್ಟೂ ಜಾಸ್ತಿ ಸೇದುತ್ತಾರೆ. ಈಗ ರಾತ್ರಿಯಿಡೀ ಕೆಮ್ಮು ಬೇರೆ.

ತಂಬಾಕು ಬಿಡಲು ನೆರವಾಗುವ 1800-11-2356 ಕ್ವಿಟ್‌ಲೈನಿಗೆ ಫೋನ್ ಮಾಡಿ ಬಿಟ್ಟವರು ಯಾರಾದರೂ ಇದ್ದೀರಾ? ಅವರೇ ಮಾತಾಡಬೇಕಾ, ನಾನು ಮಾಡಿದರೂ ನಡೆಯುತ್ತಾ? ರೋಜಾ ಇದ್ದಾಗ ನಿಕೋಟಿನ್ ಗಮ್ ಅಗಿಯೋ ಹಾಗಿಲ್ಲ. ನಿಕೋಟಿನ್ ಪ್ಯಾಚ್ ಅಂಟಿಸಬಹುದಾ? ತಿಳಿದವರು ದಯವಿಟ್ಟು ಹೇಳಿ.