ತಾಲ್ಲೂಕು ಆಸ್ಪತ್ರೆಗೆ ಫ್ಲೂ ಸಿದ್ಧತೆ: ಏನು, ಎಷ್ಟು ದಾಸ್ತಾನು ಇಡಬೇಕು?

ತಾಲ್ಲೂಕು_ಸ್ಟೋರ್:
100 ಹಾಸಿಗೆ ಆಸ್ಪತ್ರೆಗೆ ಇನ್‌ಫ್ಲುಯೆಂಜಾ ಸಿದ್ಧತಾ ಯೋಜನೆ ಬರೆಯಬೇಕಿದೆ. ಫ್ಲೂ ವೈರಸ್ ತಡೆಯುವ ಔಷಧಿ ಒಸೆಲ್ಟಾಮಿವಿರ್‌ನ ಇಂಡೆಂಟನ್ನು (ಬೇಡಿಕೆ ಪಟ್ಟಿ) ತಾಲ್ಲೂಕಿನ ಜನಸಂಖ್ಯೆ ನೋಡಿ ಹಾಕೋದಾ? ಮಕ್ಕಳ ಸಿರಪ್ ಎಷ್ಟು ಬೇಕು? ಬೇರೆ ಏನನ್ನು ಮರೆಯುತ್ತಾರೆ?

ಮಾತ್ರೆ_ಲೆಕ್ಕ:
ಜನಸಂಖ್ಯೆ ಬಿಡಿ ಸರ್, ಕೇಂದ್ರದ ಎಚ್1ಎನ್1 ಮಾರ್ಗಸೂಚಿಯ ಎ-ಬಿ-ಸಿ ವರ್ಗ ಹಿಡಿಯಿರಿ. ಎ, ಅಂದರೆ ಸಣ್ಣ ಜ್ವರ-ಕೆಮ್ಮು: ಒಸೆಲ್ಟಾಮಿವಿರ್ ಬೇಡ, ಪರೀಕ್ಷೆಯೂ ಬೇಡ. ಬಿಯಲ್ಲಿ ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರಿಗೆ ಔಷಧಿ. ಸಿ, ಅಂದರೆ ಉಸಿರಾಟದ ತೊಂದರೆ, ಎದೆನೋವು, ಮಂಪರು: ದಾಖಲಿಸಿ, ಮೂಗು-ಗಂಟಲಿನ ಸ್ವಾಬ್ (ಕಡ್ಡಿಯಲ್ಲಿ ಮಾದರಿ) ತೆಗೆದು, ವರದಿಗೆ ಕಾಯದೆ ಔಷಧಿ ಶುರು.

ದೊಡ್ಡವರಿಗೆ 75 ಮಿ.ಗ್ರಾಂ ದಿನಕ್ಕೆರಡರಂತೆ 5 ದಿನ, ತಲಾ 10 ಕ್ಯಾಪ್ಸೂಲ್. ಸೋಂಕಿತರ ಹತ್ತಿರ ಕೆಲಸ ಮಾಡುವ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ದಿನಕ್ಕೊಂದು, 10 ದಿನ: ಅದೂ ತಲಾ 10. ಈ ಸಾಲನ್ನೇ ಬಹಳ ಜನ ಇಂಡೆಂಟಿನಲ್ಲಿ ಸೇರಿಸೋದಿಲ್ಲ.

ಸಿರಪ್ ರಾಶಿ ಹಾಕಬೇಡಿ, ಒಮ್ಮೆ ಕಲಸಿದರೆ ಹೆಚ್ಚು ದಿನ ಉಳಿಯಲ್ಲ. 30 ಮಿ.ಗ್ರಾಂ ಕ್ಯಾಪ್ಸೂಲ್ ತರಿಸಿ. ಮೂತ್ರಪಿಂಡದ ರೋಗಿಗಳಿಗೆ ಡೋಸ್ ಇಳಿಸಲೂ ಅದೇ ಬೇಕು. ಅದೂ ಸಿಗದಿದ್ದರೆ 75ರ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು 5 ಮಿ.ಲೀ ನೀರಿಗೆ ಕಲಸಿ. ಒಂದು ವರ್ಷ ದಾಟಿದ ಮಕ್ಕಳಲ್ಲಿ 15 ಕೆ.ಜಿ ಒಳಗಿದ್ದರೆ ಪ್ರತಿ ಡೋಸಿಗೆ 2 ಮಿ.ಲೀ, 15ರಿಂದ 23ಕ್ಕೆ 3, 24ರಿಂದ 40ರೊಳಗೆ 4. ಸಿರಿಂಜಿನಲ್ಲೇ ಅಳೆಯಿರಿ, ಚಮಚೆಯಲ್ಲಲ್ಲ. ಮಹಾ ಕಹಿ, ಸಕ್ಕರೆ ಪಾಕ ಸೇರಿಸದಿದ್ದರೆ ಮಗು ಉಗುಳುತ್ತೆ, ಡೋಸ್ ಹೋಯಿತು.

ಲ್ಯಾಬ್_ಬೆಂಚು:
ಮರದ ಕಡ್ಡಿಯ ಹತ್ತಿ ಸ್ವಾಬ್ ಖರೀದಿಸಬೇಡಿ, ವೈರಸ್ ಪತ್ತೆಯ ಪಿಸಿಆರ್ ಪರೀಕ್ಷೆಗೆ ಅಡ್ಡಿ. ಪ್ಲಾಸ್ಟಿಕ್ ಕಡ್ಡಿಯ ಡಾಕ್ರಾನ್ ಅಥವಾ ನೈಲಾನ್ ಸ್ವಾಬ್ ಇರಲಿ. ವೈರಸ್ ಕೆಡದಂತೆ ಸಾಗಿಸುವ ದ್ರಾವಣ ವಿಟಿಎಂನಲ್ಲಿ ಅದ್ದಿ, ಕಡ್ಡಿ ಮುರಿದು, ಮುಚ್ಚಳ ಬಿಗಿ ಮಾಡಿ 2ರಿಂದ 8 ಡಿಗ್ರಿಯಲ್ಲಿ ಇಡಿ. 48 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಿ.

ಎಡವಟ್ಟಾಗೋದು ಶನಿವಾರದ ಸ್ಯಾಂಪಲ್‌ನಲ್ಲಿ. ಸೋಮವಾರ ಕಳಿಸಿದರಾಯಿತು ಅಂತ ಮೈನಸ್ 20ರ ಫ್ರೀಜರ್‌ಗೆ ಹಾಕುತ್ತಾರೆ, ವೈರಸ್ ಹಾಳಾಗುತ್ತೆ. ತಡವಾಗುವುದಾದರೆ ಮೈನಸ್ 70 ಬೇಕು; ಅದು ತಾಲ್ಲೂಕಿನಲ್ಲಿ ಎಲ್ಲಿ ಬರಬೇಕು? ಭಾನುವಾರ ಸ್ಯಾಂಪಲ್ ಒಯ್ಯುವ ವಾಹನ ಯಾವುದು, ಚಾಲಕ ಯಾರು ಅಂತ ಯೋಜನೆಯಲ್ಲೇ ಬರೆಯಿರಿ.

ಗ್ಯಾಸ್_ಪೈಪು:
ಮಾತ್ರೆಗಿಂತ ಮೊದಲು ಕೈಕೊಡೋದು ಆಮ್ಲಜನಕ. ತುಂಬಿದ ಡಿ ಟೈಪ್ ಸಿಲಿಂಡರ್ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆ, ಅಂದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು. ಇಂಥ 10 ರೋಗಿಗಳಿದ್ದರೆ ದಿನಕ್ಕೆ 21. ಮರುಭರ್ತಿಗೆ ಲಾರಿ ಹೋಗಿಬರುವ ಹೊತ್ತನ್ನೂ ಸೇರಿಸಿ.

ಗಾಳಿಯಿಂದ ಆಮ್ಲಜನಕ ತೆಗೆಯುವ ಪಿಎಸ್‌ಎ ಪ್ಲಾಂಟ್ ಇದ್ದರೆ ಸುಮ್ಮನೆ ಬೀಗ ಹಾಕಬೇಡಿ. ತೇವ ಹಿಡಿದರೆ ಅದರೊಳಗೆ ಸಾರಜನಕ ಹೀರುವ ಜಿಯೊಲೈಟ್ ಕೆಡುತ್ತೆ, ಆಮ್ಲಜನಕದ ಶುದ್ಧತೆ ಬೀಳುತ್ತೆ. ಆಗಾಗ ಓಡಿಸಿ, 93 ಶೇಕಡಾ ಆಸುಪಾಸು ಬರುತ್ತಿದೆಯಾ ಮೀಟರಿನಲ್ಲಿ ನೋಡಿ. ಜನರೇಟರ್ ಲೋಡಿಗೆ ಆ ಪ್ಲಾಂಟನ್ನು ಸೇರಿಸಿದ್ದಾರಾ, ಅದನ್ನೂ ಕೇಳಿ.

ತಾಲ್ಲೂಕು_ಸ್ಟೋರ್:
ಮೂಗಿನ ಮೂಲಕ ಜೋರು ಹರಿವಿನಲ್ಲಿ ಆಮ್ಲಜನಕ ಕೊಡುವ ಎಚ್‌ಎಫ್‌ಎನ್‌ಸಿ ಯಂತ್ರ ಎರಡಿವೆ. ಸಿಲಿಂಡರ್ ಮೇಲೆ ನಡೆಯುತ್ತಾ?

ಗ್ಯಾಸ್_ಪೈಪು:
ನಿಮಿಷಕ್ಕೆ 60 ಲೀಟರ್ ಹರಿವಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು ಡಿ ಸಿಲಿಂಡರ್ ಎರಡು ಗಂಟೆಯೂ ಬರಲ್ಲ ಸರ್. ಪೈಪ್‌ಲೈನ್ ಇರುವ ವಾರ್ಡಿನಲ್ಲೇ ಇಡಿ.